ಹೇಮಾವತಿಯ ಮಣ್ಣು, ಕಿಣ್ವದ ವಂಶಾವಳಿ

ಹಾಸನ ಸೀಮೆಯ ಪೂರ್ವವೃತ್ತಾಂತವನ್ನು ಬರೆಯಲು ಕುಳಿತವರೆಲ್ಲರೂ ಇದುವರೆಗೆ ಕಲ್ಲನ್ನೇ ನೆಚ್ಚಿಕೊಂಡು ಬಂದಿದ್ದಾರೆ; ಹಾಗೆ ನೆಚ್ಚಿದ್ದರಲ್ಲಿ ತಪ್ಪೇನೂ ಇಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯು ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದನ್ನು ನಮಗೆ ಉಳಿಸಿಕೊಟ್ಟಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಎರಡು ಬೆಟ್ಟಗಳಂತೂ ಸಾವಿರ ವರ್ಷಗಳಿಗೂ ಮಿಕ್ಕ ಕಾಲದ ದಾನಧರ್ಮಗಳನ್ನೂ ಸಮಾಧಿಮರಣಗಳನ್ನೂ ತಮ್ಮ ಮೈಮೇಲೆ ಬರೆಸಿಕೊಂಡು ಕುಳಿತಿವೆ. ಬಿ. ಎಲ್. ರೈಸ್ ಅವರು 1889ರಲ್ಲಿ ಬೆಳಗೊಳದ ಶಾಸನಗಳನ್ನೂ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನೂ ಸಂಪುಟಗಳಾಗಿ ಅಚ್ಚುಹಾಕಿಸಿದ ಮೇಲೆ, ಈ ನಾಡಿನಲ್ಲಿ ಯಾವ ಅರಸನು ಯಾವ ಕೆರೆಗೆ ತೂಬನ್ನಿಡಿಸಿದನು, ಯಾವ ದಂಡನಾಯಕನು ಯಾವ ಬಸದಿಗೆ ಭೂಮಿಯನ್ನು ಬಿಟ್ಟನು ಎಂಬುದನ್ನು ತಿಳಿಯುವುದು ಕಷ್ಟವಲ್ಲ. ಆದರೆ ಆ ಕೆರೆಯ ನೀರು ಕುಡಿದ ಮಕ್ಕಳಿಗೆ ಏನಾಯಿತು, ಆ ಭೂಮಿಯಲ್ಲಿ ಬೆಳೆದ ಗೆಡ್ಡೆ ಏಕೆ ಕೊಳೆಯಿತು, ಆ ಬಸದಿಯ ಹಿಂದಣ ಹಟ್ಟಿಯಲ್ಲಿ ಹಸುವಿನ ಕೆಚ್ಚಲು ಏಕೆ ಕಲ್ಲಾಯಿತು ಎಂದು ಕೇಳಿದರೆ ಕಲ್ಲು ಮಾತನಾಡದು. ಅದನ್ನು ಹೇಳಬಲ್ಲ ದಾಖಲೆ ಬೇರೊಂದುಂಟು. ಅದು ಮಣ್ಣಿನೊಳಗಿದೆ, ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಜೀವಿಯ ಒಡಲಿನಲ್ಲಿದೆ. ರೋಗಾಣುಗಳನ್ನು ಕೊಲ್ಲುವ ಔಷಧವನ್ನು ಕೆಡಿಸುವ ಕಿಣ್ವವೊಂದರ ಆಕೃತಿಯೇ ಆ ದಾಖಲೆ.

ಕಾಲವನ್ನು ಹೇಳದ ಶಾಸನದ ಕಾಲವನ್ನು ಲಿಪಿಜ್ಞನು ಅಕ್ಷರಗಳ ತಲೆಕಟ್ಟಿನಿಂದಲೂ ಕೊಂಬಿನ ಬಾಗಿನಿಂದಲೂ ನಿರ್ಣಯಿಸುತ್ತಾನಷ್ಟೆ. ಹಾಗೆಯೇ ಸ್ಫಟಿಕವಿಜ್ಞಾನಿಯು ಕಿಣ್ವದ ಮಡಿಕೆಗಳನ್ನು ನೋಡಿ ಅದು ಯಾವ ಕುಲದ್ದು, ಯಾರ ದಾಯಾದಿ ಎಂಬುದನ್ನು ಹೇಳುತ್ತಾನೆ. ಇಂಥ ಓದಿನಿಂದ ತಿಳಿದುಬಂದ ಸಂಗತಿಯೊಂದೇ ಈ ಪ್ರಬಂಧದ ಪ್ರತಿಪಾದನೆ: ನಾವು ಔಷಧವನ್ನು ಕಂಡುಹಿಡಿಯುವುದಕ್ಕೆ ಅನೇಕ ಸಹಸ್ರ ವರ್ಷಗಳ ಮೊದಲೇ ಅದನ್ನು ಕೆಡಿಸುವ ಉಪಾಯವು ಮಣ್ಣಿನಲ್ಲಿ ಸಿದ್ಧವಾಗಿತ್ತು, ಈಚಿನ ಎಂಬತ್ತು ವರ್ಷಗಳಲ್ಲಿ ಸೂಜಿಮದ್ದೂ ಹೈನುಗಾರಿಕೆಯೂ ಶುಂಠಿಯ ಬೇಸಾಯವೂ ಕೂಡಿ ಮಾಡಿದ ಕೆಲಸವೆಂದರೆ, ಮೂಲೆಯಲ್ಲಿ ಬಿದ್ದಿದ್ದ ಆ ಉಪಾಯಕ್ಕೆ ಜೀವನೋಪಾಯವನ್ನು ಕಲ್ಪಿಸಿಕೊಟ್ಟದ್ದು.

ಮದ್ದು ಬರುವ ಮುಂಚಿನ ಕಾಲವನ್ನು ಮೊದಲು ಸ್ವಲ್ಪ ನೋಡಬೇಕು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಮೈಸೂರು ಸಂಸ್ಥಾನದ ಉದ್ದಗಲಕ್ಕೂ ಹಬ್ಬಿ, ಮುಂದಿನ ಹಲವು ದಶಕಗಳ ಕಾಲ ಮತ್ತೆ ಮತ್ತೆ ಮರಳುತ್ತಿದ್ದಿತು. ಇಲಿ ಬಿದ್ದಿತೆಂದರೆ ಊರು ಬಿಡುವುದು ಆ ಕಾಲದ ಪದ್ಧತಿ. ಪಾತ್ರೆಪಡಗಗಳನ್ನೂ ಕಾಳುಕಡ್ಡಿಯನ್ನೂ ಗಾಡಿಗೇರಿಸಿ, ಹೊಲದ ನಡುವೆ ಸೋಗೆಯ ಗುಡಿಸಲು ಹಾಕಿಕೊಂಡು, ಮಾರಮ್ಮನಿಗೆ ಹರಕೆ ಹೊತ್ತು ತಿಂಗಳುಗಟ್ಟಲೆ ಕಾಲಕಳೆಯುತ್ತಿದ್ದರು. ಕ್ಷಯದ ಕಥೆ ಇನ್ನೂ ನಿಧಾನದ್ದು, ಆದುದರಿಂದ ಇನ್ನೂ ಕ್ರೂರವಾದದ್ದು. ಅದು ಅರಮನೆಯನ್ನೂ ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಆ ವ್ಯಾಧಿಗೆ ತುತ್ತಾದ ಬಳಿಕ ಅವರ ಹೆಸರಿನಲ್ಲಿ ಮೈಸೂರಿನಲ್ಲಿ 1921ರಲ್ಲಿ ಆರೋಗ್ಯಧಾಮವೊಂದು ತೆರೆಯಿತು. ಹೊಳೆನರಸೀಪುರದವನಾಗಲಿ ಅರಕಲಗೂಡಿನವನಾಗಲಿ ಕೆಮ್ಮಿನೊಡನೆ ರಕ್ತವನ್ನು ಕಂಡನೆಂದರೆ, ಕೈಯಲ್ಲಿ ಕಾಸಿದ್ದರೆ ಅಲ್ಲಿಗೆ ಹೋಗುವುದು, ಇಲ್ಲದಿದ್ದರೆ ಜಗಲಿಯ ಮೇಲೆ ಮಲಗುವುದು. ಹಾಸನದಲ್ಲಿ ಮಿಷನರಿಗಳ ರೆಡ್‌ಫರ್ನ್ ಆಸ್ಪತ್ರೆ ಇದ್ದಿತು. ಹೆರಿಗೆಗೂ ಗಾಯಕ್ಕೂ ಜನ ಅಲ್ಲಿಗೆ ಹೋಗುತ್ತಿದ್ದರು. ಗಾಯವು ಕೀವುಗಟ್ಟಿದರೆ ಮಾತ್ರ ಆ ಆಸ್ಪತ್ರೆಗೂ ಹಳ್ಳಿಯ ಪಂಡಿತನಿಗೂ ನಡುವಣ ಅಂತರ ಅಷ್ಟೇನೂ ಹೆಚ್ಚಿನದಾಗಿರಲಿಲ್ಲ.

ಇಂಥ ಲೋಕಕ್ಕೆ ಪೆನಿಸಿಲಿನ್ನೂ ಸ್ಟ್ರೆಪ್ಟೋಮೈಸಿನ್ನೂ ಬಂದವು. 1928ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಫ್ಲೆಮಿಂಗ್ ಬೂಷ್ಟಿನಲ್ಲಿ ಕಂಡದ್ದನ್ನು ಆಕ್ಸ್‌ಫರ್ಡಿನ ಫ್ಲೋರಿ ಮತ್ತು ಚೈನ್ ಔಷಧವಾಗಿಸಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಸ್ಟ್ರೆಪ್ಟೋಮೈಸಿನ್ ದೊರೆತದ್ದು 1943ರಲ್ಲಿ, ಅಮೆರಿಕದ ನ್ಯೂಜರ್ಸಿಯ ಮಣ್ಣಿನ ಜೀವಾಣುವೊಂದರಿಂದ. ಆಲ್ಬರ್ಟ್ ಷಾಟ್ಜ್ ಎಂಬ ತರುಣನು ಸೆಲ್ಮನ್ ವಾಕ್ಸ್‌ಮನ್‌ರ ಪ್ರಯೋಗಶಾಲೆಯಲ್ಲಿ ಅದನ್ನು ಬೇರ್ಪಡಿಸಿದನು. ಮೊದಲ ಮಳೆಗೆ ನೆಲದಿಂದೇಳುವ ಪರಿಮಳಕ್ಕೆ ಕಾರಣವಾದ ಜೀವಾಣುಗಳ ಬಳಗಕ್ಕೇ ಅದೂ ಸೇರಿದ್ದು ಎಂಬುದನ್ನು ಇಲ್ಲಿ ನೆನಪಿನಲ್ಲಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ. ಸ್ವತಂತ್ರ ಭಾರತವು ತನ್ನ ಔಷಧವನ್ನು ತಾನೇ ಮಾಡಿಕೊಳ್ಳಬೇಕೆಂದು ಪುಣೆಯ ಬಳಿಯ ಪಿಂಪರಿಯಲ್ಲಿ 1954ರಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಸಂಸ್ಥೆಯನ್ನು ಸ್ಥಾಪಿಸಿತು. 1981ರಲ್ಲಿ ಅದರ ಸಹಭಾಗಿತ್ವದಿಂದಲೇ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯಾಟಿಕ್ಸ್ ಸಂಸ್ಥೆಯೂ ಹುಟ್ಟಿತು.

ಹಳ್ಳಿಗಳಲ್ಲಿ ಈ ಮದ್ದುಗಳಿಗೆ ದೊರೆತ ಸ್ವಾಗತ ಅಸಾಧಾರಣವಾದದ್ದು. ಕಷಾಯ ಕುಡಿದು ಪಥ್ಯ ಮಾಡಿ ತಿಂಗಳು ಕಾಯುತ್ತಿದ್ದವರಿಗೆ, ಒಂದು ಸೂಜಿ ಚುಚ್ಚಿಸಿಕೊಂಡು ಮೂರನೆಯ ದಿನ ಉಳುಮೆಗೆ ಹೋಗಬಹುದೆಂದರೆ ಅದು ದೇವರ ಪ್ರಸಾದವಲ್ಲದೆ ಮತ್ತೇನು? ವೈದ್ಯರಿಗಿಂತ ಮುಂಚೆ ಕಾಂಪೌಂಡರನು ಪ್ರಸಿದ್ಧನಾದನು. ಸಂತೆಯ ದಿನ ಅವನ ಸ್ಟೌವಿನ ಮೇಲೆ ಕುದಿಯುವ ಸಿರಿಂಜಿನ ಮುಂದೆ ಸಾಲುಗಟ್ಟಿದವರಲ್ಲಿ ಜ್ವರದವನೂ ಇದ್ದನು, ಸೊಂಟನೋವಿನವನೂ ಇದ್ದನು, ಏನೂ ಇಲ್ಲದೆ ಬಂದದ್ದಕ್ಕೊಂದು ಚುಚ್ಚಿಸಿಕೊಂಡೇ ಹೋಗೋಣವೆನ್ನುವವನೂ ಇದ್ದನು. ಎರಡು ದಿನಕ್ಕೆ ಗುಣವಾದರೆ ಮೂರನೆಯ ದಿನದ ಸೂಜಿ ಯಾರಿಗೆ ಬೇಕು? ಫ್ಲೆಮಿಂಗರು 1945ರ ಡಿಸೆಂಬರಿನಲ್ಲಿ ನೊಬೆಲ್ ಭಾಷಣದಲ್ಲಿಯೇ ಈ ಅರೆಮದ್ದಿನ ಅಪಾಯವನ್ನು ಎಚ್ಚರಿಸಿ ಹೇಳಿದ್ದರು. ಆದರೆ ಸ್ಟಾಕ್‌ಹೋಮಿನ ಮಾತು ಹಾಸನದ ದುದ್ದದ ಸಂತೆಗೆ ಕೇಳಿಸುವುದು ಹೇಗೆ?

ಈ ಎಚ್ಚರಿಕೆಗೆ ಒಂದು ಪೂರ್ವಕಥೆಯಿದೆ. ಪೆನಿಸಿಲಿನ್ ಇನ್ನೂ ಔಷಧವೆಂಬ ಹೆಸರನ್ನು ಸರಿಯಾಗಿ ಪಡೆಯುವ ಮೊದಲೇ, 1940ರ ಡಿಸೆಂಬರಿನಲ್ಲಿ, ಆಕ್ಸ್‌ಫರ್ಡಿನ ಎಡ್ವರ್ಡ್ ಏಬ್ರಹಾಂ ಮತ್ತು ಅರ್ನ್‌ಸ್ಟ್ ಚೈನ್ ಇಬ್ಬರೂ ಕರುಳಿನ ಬ್ಯಾಕ್ಟೀರಿಯವೊಂದರಲ್ಲಿ ಪೆನಿಸಿಲಿನ್ನನ್ನು ನಾಶಮಾಡುವ ಕಿಣ್ವವುಂಟೆಂದು ವರದಿ ಮಾಡಿದರು. ಅದಕ್ಕೆ ಪೆನಿಸಿಲಿನೇಸ್ ಎಂಬ ಹೆಸರಾಯಿತು. ಮಗುವಿಗೆ ನಾಮಕರಣವಾಗುವ ಮುನ್ನವೇ ಅದರ ವೈರಿಯ ಹೆಸರು ಪಂಚಾಂಗದಲ್ಲಿ ಬಂದಂತಾಯಿತೆಂದು ಪರಿಹಾಸ ಮಾಡಬಹುದಾದರೂ, ಪರಿಣಾಮವು ಪರಿಹಾಸದ್ದಾಗಿರಲಿಲ್ಲ. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೇರಿ ಬಾರ್ಬರ್ ಎಂಬ ವೈದ್ಯೆ ಲೆಕ್ಕವಿಟ್ಟು ನೋಡಿದಾಗ, ಕೀವಿಗೆ ಕಾರಣವಾದ ಸ್ಟ್ಯಾಫಿಲೋಕಾಕಸ್ ಜೀವಾಣುಗಳಲ್ಲಿ ಪೆನಿಸಿಲಿನ್ನಿಗೆ ಜಗ್ಗದವು 1946ರಲ್ಲಿ ಏಳಕ್ಕೆ ಒಂದರಷ್ಟಿದ್ದು, 1948ರ ಹೊತ್ತಿಗೆ ಅರ್ಧಕ್ಕಿಂತಲೂ ಮಿಗಿಲಾಗಿದ್ದವು.

ಆ ಕಿಣ್ವದ ರೂಪವೇನು? ಇದನ್ನರಿಯಬೇಕಾದರೆ ಮೊದಲು ಪೆನಿಸಿಲಿನ್ನಿನ ರೂಪವನ್ನೇ ಅರಿಯಬೇಕಾಗಿದ್ದಿತು. 1945ರಲ್ಲಿ ಡೊರೋಥಿ ಹಾಡ್ಜ್‌ಕಿನ್ ಎಕ್ಸ್‌-ಕಿರಣಗಳ ನೆರವಿನಿಂದ ಅದನ್ನು ಬಿಡಿಸಿ ತೋರಿಸಿದರು: ಮೂರು ಇಂಗಾಲ, ಒಂದು ಸಾರಜನಕ ಸೇರಿ ಆದ ನಾಲ್ಕು ಪರಮಾಣುಗಳ ಸಣ್ಣ ಉಂಗುರವೊಂದು ಅದರ ಮರ್ಮಸ್ಥಾನ. ನಾಲ್ಕೇ ಪರಮಾಣುಗಳನ್ನು ಬಗ್ಗಿಸಿ ಉಂಗುರ ಮಾಡಿದರೆ ಅದು ಸದಾ ಒತ್ತಡದಲ್ಲಿರುತ್ತದೆ, ಸಂದು ಸಿಕ್ಕಿದೊಡನೆ ಬಿಚ್ಚಿಕೊಳ್ಳಲು ತವಕಿಸುತ್ತದೆ. ಬ್ಯಾಕ್ಟೀರಿಯವು ತನ್ನ ಸುತ್ತ ಕಟ್ಟಿಕೊಳ್ಳುವ ಗೋಡೆಯನ್ನು ಹೆಣೆಯುವ ಕಿಣ್ವವೊಂದಿದೆ. ಪೆನಿಸಿಲಿನ್ನಿನ ಆಕೃತಿಯು ಆ ಗೋಡೆಯ ಎಳೆಯ ತುದಿಯನ್ನು ಹೋಲುತ್ತದೆಂದು 1965ರಲ್ಲಿ ಟಿಪ್ಪರ್ ಮತ್ತು ಸ್ಟ್ರೊಮಿಂಜರ್ ಸೂಚಿಸಿದರು. ಗೋಡೆಕಟ್ಟುವ ಕಿಣ್ವವು ಮೋಸಹೋಗಿ, ತನ್ನ ಎಳೆಯೆಂದು ಭ್ರಮಿಸಿ ಪೆನಿಸಿಲಿನ್ನನ್ನು ಹಿಡಿಯುತ್ತದೆ. ಉಂಗುರ ಬಿಚ್ಚಿ ಕಿಣ್ವಕ್ಕೇ ಕಚ್ಚಿಕೊಳ್ಳುತ್ತದೆ. ಗೋಡೆಯ ಕೆಲಸ ನಿಲ್ಲುತ್ತದೆ. ಜೀವಾಣು ಒಡೆದು ಸಾಯುತ್ತದೆ.

ಪೆನಿಸಿಲಿನೇಸು ಮಾಡುವುದೂ ಮೊದಲರ್ಧದಲ್ಲಿ ಅದನ್ನೇ. 1986ರಲ್ಲಿ ಕೆಲ್ಲಿ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ಈ ಎರಡು ಬಗೆಯ ಕಿಣ್ವಗಳ ಆಕೃತಿಗಳನ್ನು ಒಂದರ ಪಕ್ಕದಲ್ಲೊಂದಿರಿಸಿ ನೋಡಿದಾಗ, ಗೋಡೆಕಟ್ಟುವುದೂ ಔಷಧ ಕೆಡಿಸುವುದೂ ಒಂದೇ ಮನೆತನದವೆಂಬುದು ತೋರಿಬಂದಿತು; ಮರುವರ್ಷ ಹೆರ್ಜ್‌ಬರ್ಗ್ ಮತ್ತು ಮೌಲ್ಟ್ ಸ್ಟ್ಯಾಫಿಲೋಕಾಕಸ್ ಕಿಣ್ವದ ಚಿತ್ರವನ್ನು 2.5 ಆಂಗ್‌ಸ್ಟ್ರಾಮಿನ ಸ್ಪಷ್ಟತೆಯಲ್ಲಿ ಪ್ರಕಟಿಸಿದರು. ಎರಡು ಭಾಗಗಳು: ಒಂದು ಕಡೆ ಸುರುಳಿಗಳ ಗೊಂಚಲು, ಇನ್ನೊಂದು ಕಡೆ ಐದು ಎಳೆಗಳ ಹಾಳೆಯೂ ಅದರ ಮೇಲೊರಗಿದ ಸುರುಳಿಗಳೂ, ಎರಡೂ ಕೂಡುವ ಸಂದಿನಲ್ಲಿ ಒಂದು ಕಂದರ. ಆ ಕಂದರದ ತಳದಲ್ಲಿ, ಸರಪಳಿಯ 70ನೆಯ ಸ್ಥಾನದಲ್ಲಿ, ಸೆರೀನ್ ಎಂಬ ಅಮೈನೋ ಆಮ್ಲ ಕಾದು ಕುಳಿತಿರುತ್ತದೆ. ಪೆನಿಸಿಲಿನ್ನಿನ ಉಂಗುರವನ್ನು ಬಿಚ್ಚುವುದು ಅದೇ. ಗೋಡೆಕಟ್ಟುವ ಕಿಣ್ವದಲ್ಲಿಯೂ ಅಂಥದೇ ಸೆರೀನು ಅಂಥದೇ ಜಾಗದಲ್ಲಿದೆ. ಭೇದವಿರುವುದು ಇಷ್ಟೇ: ಪೆನಿಸಿಲಿನೇಸಿನಲ್ಲಿ 166ನೆಯ ಸ್ಥಾನದ ಗ್ಲುಟಮಿಕ್ ಆಮ್ಲವು ನೀರಿನ ಅಣುವೊಂದನ್ನು ಸರಿಯಾದ ಕೋನದಲ್ಲಿ ಹಿಡಿದು ನಿಲ್ಲಿಸಿರುತ್ತದೆ, ಆ ನೀರು, ಕಚ್ಚಿಕೊಂಡ ಔಷಧವನ್ನು ಕಡಿದುಹಾಕಿ, ಕಿಣ್ವವನ್ನು ಮರಳಿ ಕೆಲಸಕ್ಕೆ ಬಿಡುತ್ತದೆ. ಹಲಸಿನ ಹಣ್ಣನ್ನು ಬಿಡಿಸುವವನು ಕೈಗೆ ಎಣ್ಣೆ ಸವರಿಕೊಳ್ಳದಿದ್ದರೆ ಮೇಣ ಬೆರಳಿಗಂಟಿ ಕೈ ಕಟ್ಟಿಹೋಗುವುದು, ಸವರಿಕೊಂಡವನು ತೊಳೆ ತೊಳೆ ತೆಗೆಯುತ್ತಲೇ ಹೋಗುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕೈ ಅದೇ, ಹಣ್ಣೂ ಅದೇ. ಎಣ್ಣೆ ಒಂದೇ ಹೆಚ್ಚು. ಇಂಥ ಕಿಣ್ವಗಳಲ್ಲಿ ಟೆಮ್-1 ಎಂಬುದು ಒಂದು ಸೆಕೆಂಡಿಗೆ ಸಾವಿರದಷ್ಟು ಪೆನಿಸಿಲಿನ್ ಅಣುಗಳನ್ನು ಹೀಗೆ ಬಿಡಿಸಿ ಬಿಸಾಡಬಲ್ಲುದು.

ಲಿಪಿಜ್ಞನ ಕೆಲಸ ಇಲ್ಲಿ ನೆನಪಾಗದಿರದು. ಎರಡು ಕಿಣ್ವಗಳ ಅಮೈನೋ ಆಮ್ಲಗಳ ಸಾಲನ್ನು ಅಕ್ಷರಕ್ಕಕ್ಷರ ಓದಿದರೆ ಹೋಲಿಕೆ ಅಲ್ಪವೇ. ಮಡಿಕೆಯನ್ನು ನೋಡಿದರೆ ಸಂಬಂಧ ಸ್ಪಷ್ಟ. ಇಷ್ಟು ದೂರ ಸರಿದ ದಾಯಾದಿಗಳು ಬೇರೆಯಾದದ್ದು ಮನುಷ್ಯನು ಮದ್ದು ಮಾಡಿದ ಎಂಬತ್ತು ವರ್ಷಗಳಲ್ಲಿ ಆಗಿರಲಾರದು. ಆ ವಿಭಾಗಪತ್ರಕ್ಕೆ ಕೋಟ್ಯಂತರ ವರ್ಷಗಳ ಹಳಮೆಯುಂಟು. ಮಣ್ಣಿನಲ್ಲಿ ಬೂಷ್ಟು ಇದ್ದಂದಿನಿಂದ ಅದರ ವಿಷವೂ ಇದೆ, ಅದರ ವಿಷವಿದ್ದಂದಿನಿಂದ ಅದನ್ನು ಬಿಡಿಸುವವರೂ ಇದ್ದಾರೆ. 2011ರಲ್ಲಿ ಕೆನಡಾದ ವಿಜ್ಞಾನಿಗಳು ಯೂಕಾನ್ ಪ್ರಾಂತದ 30,000 ವರ್ಷಗಳಷ್ಟು ಹಳೆಯ ಹೆಪ್ಪುಗಟ್ಟಿದ ನೆಲದಿಂದ ಔಷಧನಿರೋಧದ ವಂಶವಾಹಿಗಳನ್ನು ಹೊರತೆಗೆದು, ಅವುಗಳಲ್ಲೊಂದರಿಂದ ಕಿಣ್ವವನ್ನು ತಯಾರಿಸಿ ಸ್ಫಟಿಕಗೊಳಿಸಿ ನೋಡಿದರು. ವ್ಯಾಂಕೋಮೈಸಿನ್ ಎಂಬ ಔಷಧಕ್ಕೆ ಜಗ್ಗದ ಇಂದಿನ ಆಸ್ಪತ್ರೆಯ ಜೀವಾಣುವಿನ ಕಿಣ್ವಕ್ಕೂ ಅದಕ್ಕೂ ರೂಪದಲ್ಲಿ ಅತ್ಯಂತ ಸಾಮ್ಯವಿದ್ದಿತು.

ಹಾಡ್ಜ್‌ಕಿನ್ನರ ವಿದ್ಯೆ ನಮ್ಮ ನಾಡಿಗೆ ಬಂದ ದಾರಿಯನ್ನು ಸಂಕ್ಷೇಪವಾಗಿ ಹೇಳಬೇಕು. ಹಾಸನವು ಮೈಸೂರು ಸಂಸ್ಥಾನದ ಜಿಲ್ಲೆಯಾಗಿದ್ದ ಕಾಲದಲ್ಲಿ ಆ ಸಂಸ್ಥಾನವು ಕೊಟ್ಟ ಭೂಮಿಯ ಮೇಲೆ 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನೆಲೆಗೊಂಡಿತು. ಅಣು ಜೈವಭೌತವಿಜ್ಞಾನಕ್ಕೆ ಜಿ. ಎನ್. ರಾಮಚಂದ್ರನ್ನರು 1970ರ ದಶಕದ ಆರಂಭದಲ್ಲಿ ಅಲ್ಲಿ ಒಂದು ವಿಭಾಗವನ್ನೇ ಕಟ್ಟಿದರು. ಆಕ್ಸ್‌ಫರ್ಡಿನಲ್ಲಿ ಹಾಡ್ಜ್‌ಕಿನ್ನರ ಕೈಕೆಳಗೆ ಇನ್ಸುಲಿನ್ನಿನ ರಚನೆಯಲ್ಲಿ ದುಡಿದು ಬಂದ ಎಂ. ವಿಜಯನ್ 1971ರಲ್ಲಿ ಆ ವಿಭಾಗವನ್ನು ಸೇರಿದರು. ಇದೇ ಸಂಸ್ಥೆಯ ಕೆ. ಮುನಿಯಪ್ಪನವರೊಡನೆ ಕೂಡಿ ವಿಜಯನ್ನರ ಬಳಗವು 2000ದಲ್ಲಿ ಪ್ರಕಟಿಸಿದ ರಚನೆಯೊಂದು ನಮ್ಮ ವಿಷಯಕ್ಕೆ ಬಹು ಹತ್ತಿರದ್ದು: ಅದು ಕ್ಷಯದ ಬ್ಯಾಕ್ಟೀರಿಯದ ರೆಕ್-ಎ ಎಂಬ ಕಿಣ್ವದ ರಚನೆ.

ಕ್ಷಯದ ಜೀವಾಣುವಿನ ಸ್ವಭಾವ ಕೀವಿನ ಜೀವಾಣುವಿನಂತಲ್ಲ. ನೆರೆಯವರಿಂದ ಸಾಲ ತಂದು ಅದು ಬದುಕುವುದಿಲ್ಲ. ಔಷಧವನ್ನೆದುರಿಸಲು ತನ್ನ ಸ್ವಂತ ವಂಶವಾಹಿಯಲ್ಲಿಯೇ ಒಂದೆರಡು ಅಕ್ಷರಗಳನ್ನು ತಿದ್ದಿಕೊಳ್ಳುತ್ತದೆ. ಸ್ಟ್ರೆಪ್ಟೋಮೈಸಿನ್ನನ್ನು ಒಂಟಿಯಾಗಿ ಕೊಟ್ಟ ಬ್ರಿಟನ್ನಿನ 1948ರ ಪ್ರಸಿದ್ಧ ಪ್ರಯೋಗದಲ್ಲಿ, ಮೊದಲು ಚೇತರಿಸಿಕೊಂಡ ರೋಗಿಗಳ ಪೈಕಿ ಬಹುಮಂದಿಯಲ್ಲಿ ಕೆಲವೇ ತಿಂಗಳೊಳಗೆ ಮದ್ದಿಗೆ ಬಗ್ಗದ ಜೀವಾಣು ತಲೆಯೆತ್ತಿದ್ದು ಹೀಗೆ. ಜೀವಾಣುವಿನ ಡಿಎನ್‌ಎ ಮುರಿದಾಗ ಅದರ ಎಳೆಯ ಸುತ್ತ ಸುರುಳಿಯಾಗಿ ಸಾಲುಗಟ್ಟಿ ನಿಂತು ದುರಸ್ತಿಗೆ ಮುಂದಾಗುವುದು ರೆಕ್-ಎ. ದುರಸ್ತಿಯ ಗಡಿಬಿಡಿಯಲ್ಲಿ ಆಗುವ ತಪ್ಪುಗಳಲ್ಲೇ ಒಮ್ಮೊಮ್ಮೆ ಔಷಧನಿರೋಧದ ಬೀಜವಿರುತ್ತದೆ. ಶಕ್ತಿಯ ಅಣುವನ್ನು ಇರಿಸಿಕೊಳ್ಳುವ ಗೂಡು ಕರುಳಿನ ಬ್ಯಾಕ್ಟೀರಿಯದ ರೆಕ್-ಎಯಲ್ಲಿರುವುದಕ್ಕಿಂತ ಕ್ಷಯದ್ದರಲ್ಲಿ ಅಗಲವಾಗಿದೆ, ಆದುದರಿಂದಲೇ ಅದರ ಹಿಡಿತ ಸಡಿಲವಾಗಿದೆ, ಕೆಲಸವೂ ಮಂದವಾಗಿದೆ ಎಂದು ಬೆಂಗಳೂರಿನ ರಚನೆ ತೋರಿಸಿತು. 1959ರಲ್ಲಿ ಬೆಂಗಳೂರಿನಲ್ಲೇ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಹಾಸನದ ನೆರೆಯ ತುಮಕೂರು ಜಿಲ್ಲೆಯ ಹಳ್ಳಿಹಳ್ಳಿಗಳನ್ನು ಸುತ್ತಿ ರೋಗಿಗಳ ನಡೆವಳಿಕೆಯನ್ನು ಅಭ್ಯಸಿಸಿದ್ದರೆ, ಅದೇ ಊರಿನ ಇನ್ನೊಂದು ಸಂಸ್ಥೆ ರೋಗಾಣುವಿನ ನಡೆವಳಿಕೆಯನ್ನು ಪರಮಾಣುಗಳ ಮಟ್ಟದಲ್ಲಿ ನೋಡಿತು. ಎರಡು ನೋಟಗಳೂ ಬೇಕಾದವೇ.

ಇನ್ನು ಹೊಲಕ್ಕೆ ಇಳಿಯಬೇಕು. ಹಾಸನದ ಮೈದಾನವು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗಳ ಆಸುಪಾಸಿನಲ್ಲಿದೆ. ಒಂದು ಕಡೆಗೆ ಮಲೆನಾಡಿನ ತಂಪು, ಇನ್ನೊಂದು ಕಡೆಗೆ ಬಯಲುಸೀಮೆಯ ಬಿಸಿಲು. ಮುಂಗಾರಿನಲ್ಲಿ ಆಲೂಗೆಡ್ಡೆ ಬೆಳೆಯಬಲ್ಲ ಅಪರೂಪದ ಸೀಮೆ ಇದು. ಪಂಜಾಬಿನ ಜಲಂಧರದಿಂದ ಲಾರಿಗಳಲ್ಲಿ ಬಿತ್ತನೆಗೆಡ್ಡೆ ಹಾಸನದ ಮಾರುಕಟ್ಟೆಗೆ ಬಂದಿಳಿಯುವುದೂ, ರೈತರು ಮೂಟೆಯ ಬಾಯಿ ಬಿಚ್ಚಿಸಿ ಗೆಡ್ಡೆಯನ್ನು ಬೆರಳಿನಿಂದ ಒತ್ತಿ ನೋಡಿ ಚೌಕಾಸಿ ಮಾಡುವುದೂ ದೀರ್ಘಕಾಲದಿಂದ ನಡೆದುಬಂದ ಬೇಸಗೆಯ ವ್ಯವಹಾರ. ಅಂಗಮಾರಿ ಮತ್ತೆ ಮತ್ತೆ ಬಡಿದು ಆಲೂಗೆಡ್ಡೆ ಕೈಕೊಡತೊಡಗಿದ ಮೇಲೆ, ಹೊಳೆನರಸೀಪುರ ಅರಕಲಗೂಡುಗಳ ಕಡೆ ಶುಂಠಿ ಹಬ್ಬಿತು. ವಯನಾಡಿನಿಂದ ಬಂದವರು ಜಮೀನನ್ನು ಗುತ್ತಿಗೆಗೆ ಹಿಡಿದು, ಒಂದು ಬೆಳೆ ತೆಗೆದು, ಮುಂದಿನ ವರ್ಷ ಬೇರೊಂದು ಹೊಸ ನೆಲಕ್ಕೆ ಹೋಗುವ ಪದ್ಧತಿಯನ್ನು ತಂದರು. ಹೋಗಲೇಬೇಕು, ಶುಂಠಿ ಬೆಳೆದ ನೆಲದಲ್ಲಿ ಕೂಡಲೇ ಮತ್ತೆ ಶುಂಠಿ ಬೆಳೆದರೆ ಏನಾಗುತ್ತದೆಂಬುದು ಎಲ್ಲರಿಗೂ ಗೊತ್ತು.

ಆಗುವುದನ್ನು ಹತ್ತಿರದಿಂದ ನೋಡಬೇಕು. ಮಳೆ ಹಿಡಿದ ಆಷಾಢ ಶ್ರಾವಣದಲ್ಲಿ ಮಡಿಯ ನಡುವೆ ಒಂದು ಗಿಡದ ಕೆಳಗಣ ಎಲೆ ಅಂಚಿನಿಂದ ಒಳಕ್ಕೆ ಸುತ್ತಿಕೊಂಡು ಹಳದಿಯಾಗುತ್ತದೆ, ಹಳದಿ ಮೇಲೇರುತ್ತದೆ, ಒಂದೆರಡು ವಾರಗಳಲ್ಲಿ ಗಿಡ ಮಲಗುತ್ತದೆ, ನೀರು ಹರಿದ ದಿಕ್ಕಿನಲ್ಲಿ ಇಡೀ ಸಾಲು ಮಲಗುತ್ತದೆ. ಬಾಡಿದ ಗಿಡದ ಕಾಂಡವನ್ನು ಅಡ್ಡಲಾಗಿ ಕೊಯ್ದು, ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಿಸದೆ ಹಿಡಿದರೆ, ಕೊಯ್ದ ಬಾಯಿಯಿಂದ ಹಾಲಿನಂಥ ಬಿಳಿಯ ಎಳೆಯೊಂದು ಸುಳಿದಿಳಿಯುತ್ತದೆ. ಆ ಎಳೆಯೆಲ್ಲವೂ ಬ್ಯಾಕ್ಟೀರಿಯ. ರಾಲ್‌ಸ್ಟೋನಿಯ ಎಂದು ಅದರ ಹೆಸರು. ಆಲೂಗೆಡ್ಡೆ, ಟೊಮೆಟೊ, ಬದನೆಗಳನ್ನು ಬಾಡಿಸುವುದೂ ಇದರ ಬಳಗವೇ. ಆಲೂಗೆಡ್ಡೆ ಬಿಟ್ಟು ಶುಂಠಿ ಹಿಡಿದವನಿಗೆ ರೋಗ ಬಿಟ್ಟುಹೋಗಲಿಲ್ಲ ಎಂಬುದು ಈ ಸೀಮೆಯ ಬೇಸಾಯದ ದೊಡ್ಡ ವಿಪರ್ಯಾಸ.

ಇದಕ್ಕೆ ಸಿಕ್ಕಿದ ಮದ್ದು ಯಾವುದು? ಅಂಗಡಿಯ ಗಾಜಿನ ಕಪಾಟಿನಲ್ಲಿ ಸಣ್ಣ ಪೊಟ್ಟಣಗಳಲ್ಲಿ ದೊರೆಯುತ್ತಿದ್ದ ಸ್ಟ್ರೆಪ್ಟೋಸೈಕ್ಲಿನ್: ಒಂಬತ್ತು ಪಾಲು ಸ್ಟ್ರೆಪ್ಟೋಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಅಂದರೆ, ಮೈಸೂರಿನ ಆರೋಗ್ಯಧಾಮದಲ್ಲಿ ಕ್ಷಯರೋಗಿಯ ತೊಡೆಗೆ ಚುಚ್ಚಿದ ಅದೇ ವಸ್ತು. ಬಿತ್ತನೆಯ ಶುಂಠಿಯನ್ನು ಡ್ರಮ್ಮಿನಲ್ಲಿ ಈ ಮದ್ದಿನ ನೀರಿಗೆ ಅರ್ಧ ಗಂಟೆ ಅದ್ದಿ ತೆಗೆದು ನೆರಳಿನಲ್ಲಿ ಆರಿಸುವುದು ವಾಡಿಕೆಯಾಯಿತು. ಉಳಿದ ನೀರು ಮಡಿಗೆ ಹೋಯಿತು, ಮಡಿಯಿಂದ ಕಾಲುವೆಗೆ, ಕಾಲುವೆಯಿಂದ ಹೇಮಾವತಿ ಹೊಳೆಗೆ. ಸರ್ಕಾರದ ನೋಂದಣಿಯಲ್ಲಿ ಈ ಮದ್ದಿಗೆ ಅನುಮತಿಯಿದ್ದುದು ಎಂಟೇ ಬೆಳೆಗಳಿಗೆ. ಆಲೂಗೆಡ್ಡೆಯೂ ಟೊಮೆಟೊವೂ ಅರಕಲಗೂಡಿನ ರಾಮನಾಥಪುರದಲ್ಲಿ ಹರಾಜಾಗುವ ಹೊಗೆಸೊಪ್ಪೂ ಆ ಎಂಟರೊಳಗಿದ್ದವು, ಶುಂಠಿ ಇರಲಿಲ್ಲ. ಆದರೆ ಹೊಲದ ಬದುವಿನಲ್ಲಿ ಪಟ್ಟಿ ಓದುವವರು ಯಾರು? ರೈತನನ್ನು ಇದಕ್ಕಾಗಿ ದೂರುವುದು ನನಗೆ ಸರಿಯೆನಿಸುವುದಿಲ್ಲ. ಅದ್ದಿ ತೆಗೆಯಿರೆಂದು ಅವನಿಗೆ ಹೇಳಿಕೊಟ್ಟವರು ಓದು ಬಲ್ಲವರೇ.

ಸ್ಟ್ರೆಪ್ಟೋಮೈಸಿನ್ನನ್ನು ಕೆಡಿಸುವ ಕಿಣ್ವದ ರೀತಿ ಪೆನಿಸಿಲಿನೇಸಿನದಲ್ಲ. ಅದು ಔಷಧವನ್ನು ಮುರಿಯುವುದಿಲ್ಲ. ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯಿಂದ ಒಂದು ಫಾಸ್ಫೇಟನ್ನು ಕಿತ್ತು ಔಷಧದ ಮೈಗೆ ಅಂಟಿಸುತ್ತದೆ. ಹೊರೆ ಹೊತ್ತ ಔಷಧವು ತಾನು ಸೇರಬೇಕಾದ, ಪ್ರೋಟೀನು ಹೆಣೆಯುವ ರೈಬೋಸೋಮಿನ ಸಂದಿಗೆ ಸೇರಲಾರದೆ ಹೋಗುತ್ತದೆ. ಇದೇ ಮನೆತನದ ಇನ್ನೊಂದು ಕಿಣ್ವದ ರಚನೆ 1997ರಲ್ಲಿ ಕೆನಡಾದಿಂದ ಪ್ರಕಟವಾದಾಗ ನೋಡಿದವರು ಬೆರಗಾದರು: ಅದರ ಮಡಿಕೆಯು, ಯೀಸ್ಟಿನಿಂದ ಮನುಷ್ಯನವರೆಗೆ ಎಲ್ಲರ ಜೀವಕೋಶಗಳಲ್ಲಿಯೂ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವ ಕೈನೇಸುಗಳ ಮಡಿಕೆಯಂತೆಯೇ ಇದ್ದಿತು. ವಂಶವೃಕ್ಷದ ಬೇರು ಮತ್ತೊಮ್ಮೆ ನೆಲದಾಳಕ್ಕೆ ಹೋಯಿತು. ಅದಕ್ಕೂ ಮೊದಲೇ, 1973ರಲ್ಲಿ, ಬೆನ್‌ವೆನಿಸ್ಟ್ ಮತ್ತು ಡೇವೀಸ್ ಎಂಬವರು ಇಂಥ ಔಷಧಗಳನ್ನು ಉತ್ಪಾದಿಸುವ ಮಣ್ಣಿನ ಜೀವಾಣುಗಳಲ್ಲಿಯೇ ಆಸ್ಪತ್ರೆಯ ರೋಗಾಣುಗಳಲ್ಲಿರುವಂಥ ಕಿಣ್ವಗಳಿರುವುದನ್ನು ತೋರಿಸಿದ್ದರು. ವಿಷ ತಯಾರಿಸುವವನು ತನ್ನ ವಿಷದಿಂದ ತಾನು ಸಾಯದಂತೆ ಮಾಡಿಕೊಂಡ ಏರ್ಪಾಡು ಇದು. ಮೊದಲ ಮಳೆಯ ಪರಿಮಳದ ಬಳಗವೆಂದು ಮೇಲೆ ಹೇಳಿದೆನಲ್ಲ, ಅದರ ಮನೆಯ ಆಸ್ತಿ.

ಈ ಆಸ್ತಿ ಕೈಬದಲಾಯಿಸುವ ರೀತಿಗೂ ದಾಖಲೆಯುಂಟು. ಸೇಬಿನ ತೋಟಗಳಿಗೆ ಸ್ಟ್ರೆಪ್ಟೋಮೈಸಿನ್ ಸಿಂಪಡಿಸುತ್ತಿದ್ದ ಅಮೆರಿಕದಲ್ಲಿ, ಸೇಬಿನ ರೋಗಾಣುವಿನೊಳಗೆ ಈ ಕಿಣ್ವದ ಜೋಡಿ ವಂಶವಾಹಿಗಳು ಜಾಗದಿಂದ ಜಾಗಕ್ಕೆ ನೆಗೆಯಬಲ್ಲ ಡಿಎನ್‌ಎ ತುಂಡೊಂದರ ಮೇಲೆ ಕುಳಿತಿರುವುದನ್ನು 1993ರಲ್ಲಿ ವರದಿ ಮಾಡಿದರು. ಅದೇ ಜೋಡಿ ಮನುಷ್ಯರ ಮತ್ತು ದನಗಳ ಕರುಳಿನ ಜೀವಾಣುಗಳಲ್ಲಿಯೂ ಇದ್ದಿತು. ಇಂಥ ಕೈಬದಲಾವಣೆ ಪ್ಲೇಗನ್ನೂ ಮುಟ್ಟಿತು: ಮಡಗಾಸ್ಕರಿನಲ್ಲಿ 1995ರಲ್ಲಿ ರೋಗಿಯೊಬ್ಬನಿಂದ ಹಲವು ಔಷಧಗಳಿಗೆ ಏಕಕಾಲದಲ್ಲಿ ಜಗ್ಗದ ಪ್ಲೇಗಿನ ಜೀವಾಣು ದೊರೆಯಿತು. ಗುಡಿಸಲು ಹಾಕಿಕೊಂಡು ಬದುಕಿದ ನಮ್ಮ ಅಜ್ಜಂದಿರು ಕೇಳಿದ್ದರೆ ನಡುಗುತ್ತಿದ್ದ ವಾರ್ತೆ.

ಬೆಳಗೊಳದ ನೆರಳಿನಲ್ಲಿರುವ ಸೀಮೆಯಾದುದರಿಂದ ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಜೈನ ಆಚಾರದಲ್ಲಿ ಕಂದಮೂಲಗಳು ನಿಷಿದ್ಧ. ಒಂದೊಂದು ಗೆಡ್ಡೆಯೂ ಅನಂತ ಜೀವಗಳ ಕಾಯವೆಂದು ಶಾಸ್ತ್ರ ಹೇಳುವುದರಿಂದ ಆಲೂಗೆಡ್ಡೆಯನ್ನೂ ಹಸಿಶುಂಠಿಯನ್ನೂ ಶ್ರದ್ಧಾವಂತರು ಮುಟ್ಟುವುದಿಲ್ಲ, ನೀರನ್ನು ಸೋಸದೆ ಕುಡಿಯುವುದಿಲ್ಲ. ಇದನ್ನು ಆಧುನಿಕ ಸೂಕ್ಷ್ಮಜೀವಿಶಾಸ್ತ್ರವೆಂದು ಹೊಗಳುವ ಉತ್ಸಾಹ ಕೆಲವರಿಗೆ ಬರುತ್ತದೆ. ನನಗೆ ಬರುವುದಿಲ್ಲ, ಏಕೆಂದರೆ ಅಹಿಂಸೆಯ ವ್ರತವೇ ಬೇರೆ, ಪ್ರಯೋಗಶಾಲೆಯ ನಿರ್ಣಯವೇ ಬೇರೆ. ಆದರೂ ಆಲೂಗೆಡ್ಡೆ ಶುಂಠಿಗಳ ವ್ಯಾಪಾರ ಇಷ್ಟು ನಡೆಯುವ ಜಿಲ್ಲೆಯಲ್ಲಿ, ಗೊಮ್ಮಟನ ಪಾದದ ಕೆಳಗೆ ಅವೆರಡಕ್ಕೂ ಪ್ರವೇಶವಿಲ್ಲವೆಂಬುದು ಸ್ವಾರಸ್ಯವಾದ ಸಂಗತಿ.

ದನಕರುಗಳ ವಿಷಯವೂ ಉಳಿದಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆದದ್ದೂ, ಅದರ ಕಾವಲುಗಳು ಈ ಸೀಮೆಯಲ್ಲಿ ಹರಡಿದ್ದುದೂ ಚರಿತ್ರೆಯನ್ನು ಬಲ್ಲವರಿಗೆ ಗೊತ್ತು. ಆ ದನಗಳು ಫಿರಂಗಿ ಎಳೆದವು, ಹಾಲು ಕೊಟ್ಟದ್ದು ಕಡಿಮೆ. ಆದುದರಿಂದ ಅವುಗಳ ಕೆಚ್ಚಲಿಗೆ ಬಾವು ಬರುವ ಸಂದರ್ಭವೂ ಕಡಿಮೆ. 1970ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಹೈನು ಯೋಜನೆ ದಕ್ಷಿಣದ ಜಿಲ್ಲೆಗಳಿಗೆ ಬಂದು ಮಿಶ್ರತಳಿಯ ಹಸು ಕೊಟ್ಟಿಗೆಗೆ ಬಂದ ಮೇಲೆ, ಹಾಲಿನೊಡನೆ ಕೆಚ್ಚಲುಬಾವೂ ಹೆಚ್ಚಿತು. ಮದ್ದು, ಪೆನಿಸಿಲಿನ್ ಸ್ಟ್ರೆಪ್ಟೋಮೈಸಿನ್ನುಗಳೆರಡನ್ನೂ ಒಂದೇ ಸೀಸೆಯಲ್ಲಿ ಬೆರೆಸಿದ ಡೈಕ್ರಿಸ್ಟಿಸಿನ್. ಹಾಲಿನ ಡೈರಿಯಿರುವ ಊರಲ್ಲೆಲ್ಲ ಈ ಹೆಸರು ಬಲ್ಲವರಿದ್ದಾರೆ. ಸೂಜಿ ಹಾಕಿದ ಹಸುವಿನ ಹಾಲನ್ನು ಕೆಲವು ದಿನ ಚೆಲ್ಲಬೇಕೆಂಬುದು ನಿಯಮ. ಚೆಲ್ಲದೆ ಮನೆಗೆ ತಂದು ಕಾಸಿ ಹೆಪ್ಪು ಹಾಕಿದ ಗೃಹಿಣಿ, ಬೆಳಿಗ್ಗೆ ಎದ್ದು ಮುಚ್ಚಳ ತೆರೆದರೆ, ಹಾಲು ಹಾಲಾಗಿಯೇ ಇರುತ್ತದೆ. ಕೆಚ್ಚಲಿನ ರೋಗಾಣುವಿಗಾಗಿ ಕೊಟ್ಟ ಮದ್ದು ಹೆಪ್ಪಿನ ಜೀವಾಣುಗಳನ್ನು ಕೊಂದಿರುತ್ತದೆ. ಇದಕ್ಕೆ ಪರಿಹಾರವಾಗಿ ಪಶ್ಚಿಮದ ಗಿಣ್ಣು ತಯಾರಕರು ಹಿಂದೊಮ್ಮೆ ಹಾಲಿಗೆ ಪೆನಿಸಿಲಿನೇಸನ್ನೇ ಬೆರೆಸಿ ನೋಡಿದ್ದುಂಟು: ಆಸ್ಪತ್ರೆಯಲ್ಲಿ ಶತ್ರುವಾದುದು ಕಡಾಯಿಯಲ್ಲಿ ಮಿತ್ರ.

ಮುಂದಿನ ಕಥೆ ಎಲ್ಲರಿಗೂ ತಿಳಿದದ್ದು, ಬೇಗ ಮುಗಿಸುತ್ತೇನೆ. ದೆಹಲಿಯ ಆಸ್ಪತ್ರೆಯಲ್ಲಿದ್ದು ಸ್ವೀಡನ್ನಿಗೆ ಮರಳಿದ ಭಾರತ ಮೂಲದ ರೋಗಿಯೊಬ್ಬರಲ್ಲಿ 2008ರಲ್ಲಿ ದೊರೆತ ಜೀವಾಣುವಿನ ಕಿಣ್ವಕ್ಕೆ ನಮ್ಮ ರಾಜಧಾನಿಯ ಹೆಸರನ್ನಿಟ್ಟು ಎನ್‌ಡಿಎಂ-1 ಎಂದರು. ಹೆಸರಿನ ಬಗ್ಗೆ ದೇಶದಲ್ಲಿ ಎದ್ದ ಕೋಪಕ್ಕೆ ಕಿಣ್ವದ ಬಗ್ಗೆ ಎದ್ದ ಕಾಳಜಿ ಸಮನಾಗಲಿಲ್ಲ. 2011ರಲ್ಲಿ ಪ್ರಕಟವಾದ ಅದರ ರಚನೆ ಸೆರೀನಿನ ಮನೆತನದ್ದಲ್ಲ. ಕಂದರದ ತಳದಲ್ಲಿ ಸತುವಿನ ಎರಡು ಅಯಾನುಗಳು ಕುಳಿತು ನೀರನ್ನು ಹರಿತಗೊಳಿಸುತ್ತವೆ, ಕಂದರವೂ ವಿಶಾಲವಾದದ್ದು, ಆದುದರಿಂದ ಪೆನಿಸಿಲಿನ್ ವರ್ಗದ ಬಹುಪಾಲು ಔಷಧಗಳಿಗೆ ಅಲ್ಲಿ ಜಾಗವಿದೆ. ಕೊನೆಯ ಆಸರೆಯ ಔಷಧಗಳಲ್ಲೊಂದಾದ ಕೊಲಿಸ್ಟಿನ್ನನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ 2019ರ ಜುಲೈಯಲ್ಲಿ ನಿಷೇಧಿಸಿತು. ಸ್ಟ್ರೆಪ್ಟೋಮೈಸಿನ್ ಟೆಟ್ರಾಸೈಕ್ಲಿನ್‌ಗಳ ಮಿಶ್ರಣವನ್ನು 2024ರ ಜನವರಿ 1ರಿಂದ ಬೇಸಾಯದಲ್ಲಿ ಬಳಸಕೂಡದೆಂಬ ಆದೇಶದ ಕರಡು 2021ರ ಡಿಸೆಂಬರಿನಲ್ಲಿ ಹೊರಟಿತು.

ಪೊಟ್ಟಣ ಅಂಗಡಿಯಿಂದ ಮರೆಯಾದರೂ ಕಿಣ್ವಕ್ಕೆ ಹೊಲವನ್ನು ಬಿಟ್ಟುಹೋಗುವ ಅವಸರವೇನೂ ಇಲ್ಲ. ಔಷಧದ ಒತ್ತಡವಿಲ್ಲದಿದ್ದರೂ ಅದನ್ನು ಹೊತ್ತ ಜೀವಾಣುವಿಗೆ ಅದು ಬಹಳ ಭಾರವಾಗಬೇಕೆಂದೇನಿಲ್ಲ, ಜೊತೆಗೆ ಒಂದೇ ಡಿಎನ್‌ಎ ತುಂಡಿನ ಮೇಲೆ ಕುಳಿತ ಇತರ ನಿರೋಧಗಳು ಇದನ್ನೂ ಎಳೆದುಕೊಂಡೇ ಬರುತ್ತವೆ. ಅರಕಲಗೂಡಿನ ಶುಂಠಿಯವರು ಈಗ ಬೇರೆ ದಾರಿಗಳನ್ನು ಹಿಡಿಯಬೇಕಾಗಿದೆ: ರೋಗ ಕಾಣದ ಹೊಲದಿಂದ ಬೀಜ ಆರಿಸುವುದು, ಮಡಿಗಳನ್ನು ಎತ್ತರಿಸಿ ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯುವುದು, ಬಿತ್ತುವ ಮೊದಲು ಬೇಸಗೆಯಲ್ಲಿ ತೆಳುವಾದ ಪ್ಲಾಸ್ಟಿಕ್ ಹೊದಿಸಿ ಮಣ್ಣನ್ನು ಬಿಸಿಲಿಗೆ ಕಾಯಿಸುವುದು, ಶುಂಠಿ ತೆಗೆದ ನೆಲಕ್ಕೆ ಕೆಲವು ವರ್ಷ ಆಲೂಗೆಡ್ಡೆ ಟೊಮೆಟೊಗಳನ್ನು ತರದೆ ಭತ್ತವನ್ನೋ ರಾಗಿಯನ್ನೋ ಹಾಕುವುದು. ಗುತ್ತಿಗೆಯವನಿಗೆ ಈ ಕೊನೆಯದು ಹಿಡಿಸುವುದಿಲ್ಲ, ಅವನ ಕರಾರು ಒಂದು ಬೆಳೆಯದ್ದು. ನೆಲದ ಒಡೆಯನಿಗೆ ಹಿಡಿಸಬೇಕು, ಗುತ್ತಿಗೆ ಮುಗಿದ ಮೇಲೆ ಆ ಮಣ್ಣು ಉಳಿಯುವುದು ಅವನ ಪಾಲಿಗೇ.